ಗರಗಸಕ್ಕಿಂತ ಮೊದಲು ಕಣ್ಣು

ಮಗಳೇ,

ಶನಿವಾರ ಬರ್ನೆಟ್ ವುಡ್ಸ್‌ನಲ್ಲಿ ಹನಿಸಕಲ್ ಪೊದೆ ಕಡಿಯುವ ತಂಡಕ್ಕೆ ಹೆಸರು ಕೊಟ್ಟಿದ್ದೀಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಒಳ್ಳೆಯದಾಯಿತು. ಓದಲು ಬಂದ ಊರು ಅಂತ ರೂಮು, ಲ್ಯಾಬು ಎರಡರ ನಡುವೆಯೇ ಓಡಾಡಿಕೊಂಡಿದ್ದರೆ ಸಿನ್ಸಿನಾಟಿ ನಿನಗೆ ಎಂದೂ ಪರಿಚಯವಾಗುವುದಿಲ್ಲ. ಗಿಡಮರಗಳ ಹೆಸರು ಬಾಯಿಗೆ ಬಂದ ಮೇಲೆಯೇ ಒಂದು ಊರು ನಮಗೆ ಒಗ್ಗುವುದು.

ಆದರೆ ಕೈಗವಸು, ಗರಗಸ ಕೊಳ್ಳುವ ಮೊದಲು ದೊಡ್ಡಪ್ಪನ ನಾಲ್ಕು ಮಾತು ಕೇಳಿಸಿಕೋ. ಈ ಕೆಲಸದಲ್ಲಿ ಕಡಿಯುವುದು ಯಾರಿಗೂ ಬರುತ್ತದೆ, ಗುರುತು ಹಿಡಿಯುವುದಕ್ಕೇ ಅಭ್ಯಾಸ ಬೇಕು. ಹತ್ತಾರು ವರ್ಷ ನೆರಳಿನಲ್ಲಿ ನಿಧಾನವಾಗಿ ಬೆಳೆದ ಡಾಗ್‌ವುಡ್ ಗಿಡವನ್ನು ಅರೆನಿಮಿಷದಲ್ಲಿ ಉರುಳಿಸಿ ಆಮೇಲೆ ಪೇಚಾಡಿದರೆ ಪ್ರಯೋಜನವಿಲ್ಲ. ಅದಕ್ಕೇ ಒಂದು ಲೆಕ್ಕ ಇಟ್ಟುಕೋ: ಒಂದು ಲಕ್ಷಣ ಸಿಕ್ಕರೆ ಅನುಮಾನ, ಎರಡು ಸಿಕ್ಕರೆ ನಂಬಿಕೆ, ಮೂರು ಕೂಡಿದರೆ ಮಾತ್ರ ಗರಗಸ.

ಮೊದಲು ಈ ಗಿಡ ಯಾರು, ಎಲ್ಲಿಯದು ಅಂತ ತಿಳಿದುಕೋ. ನಿನ್ನ ಕಾಡಿನಲ್ಲಿ ಹೆಚ್ಚಾಗಿ ಸಿಗುವುದು ಅಮೂರ್ ಹನಿಸಕಲ್. ಸಸ್ಯಶಾಸ್ತ್ರದವರು ಅದನ್ನು ಲೊನಿಸೆರಾ ಮಾಕಿಯೈ ಎನ್ನುತ್ತಾರೆ. 19ನೇ ಶತಮಾನದಲ್ಲಿ ಅಮೂರ್ ನದಿಯ ಸೀಮೆಯಲ್ಲಿ ತಿರುಗಾಡಿದ ರಷ್ಯಾದ ನಿಸರ್ಗ ಅನ್ವೇಷಕ ರಿಚರ್ಡ್ ಮಾಕ್‌ನ ಹೆಸರು ಅದಕ್ಕೆ ಅಂಟಿದೆ. ಈಶಾನ್ಯ ಚೀನಾ, ಕೊರಿಯಾ, ರಷ್ಯಾದ ಪೂರ್ವ ತುದಿ ಇದರ ತವರು. 1890ರ ದಶಕದ ಕೊನೆಗೆ ಉತ್ತರ ಅಮೆರಿಕದ ಸಸ್ಯೋದ್ಯಾನಗಳಿಗೆ ಬಂತು. ಹೂವು ಚೆಂದ, ಹಣ್ಣು ಚೆಂದ, ಯಾವ ಮಣ್ಣಿಗೂ ಒಗ್ಗುತ್ತದೆ. ಇಷ್ಟು ಗುಣವಿದ್ದರೆ ನರ್ಸರಿಯವರು ಬಿಡುತ್ತಾರೆಯೇ? ಮುಂದೆ ಸರ್ಕಾರದ ಮಣ್ಣು ಸಂರಕ್ಷಣಾ ಇಲಾಖೆಯೇ ಮಣ್ಣು ಕೊಚ್ಚಿಹೋಗದಿರಲಿ, ಹಕ್ಕಿಗಳಿಗೆ ಆಹಾರವಾಗಲಿ ಎಂದು ಹೆಚ್ಚು ಹಣ್ಣು ಬಿಡುವ ತಳಿ ಆರಿಸಿ ಹಂಚಿತು. ಸಿನ್ಸಿನಾಟಿಯವರೇ ಆದ ಸಸ್ಯವಿಜ್ಞಾನಿ ಲೂಸಿ ಬ್ರೌನ್ ಒಹಾಯೊದ ಮರಗಿಡಗಳ ಬಗ್ಗೆ 1961ರಲ್ಲಿ ಪುಸ್ತಕ ಬರೆಯುವ ಹೊತ್ತಿಗಾಗಲೇ ಇದು ತೋಟದ ಬೇಲಿ ದಾಟಿ ಇಲ್ಲಿನ ಹುಲ್ಲುಗಾವಲು, ಕಾಡು ಸೇರಿತ್ತು. ಒಹಾಯೊ ರಾಜ್ಯ ಇದರ ಮಾರಾಟ ನಿಷೇಧಿಸಿದ್ದು 2018ರಲ್ಲಿ. ನಡುವೆ ಎಷ್ಟು ಕಾಲ ಹೋಯಿತು ನೋಡು. ನಮ್ಮ ಕಡೆ ಲಂಟಾನ ಅಲಂಕಾರದ ಗಿಡವಾಗಿ ಬಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ನೆಲವನ್ನೆಲ್ಲ ಹಬ್ಬಿದ್ದು ನಿನಗೆ ಗೊತ್ತು. ಎರಡಕ್ಕೂ ಕುಲದ ಸಂಬಂಧವಿಲ್ಲ, ಚರಿತ್ರೆ ಮಾತ್ರ ಒಂದೇ.

ಇನ್ನು ಗುರುತಿನ ವಿಷಯ.

ಎಲ್ಲಕ್ಕಿಂತ ಸುಲಭದ ಗುರುತು ಕ್ಯಾಲೆಂಡರ್. ಇಲ್ಲಿನ ಕಾಡಿನ ಮರಗಳು ಅಕ್ಟೋಬರಿನಲ್ಲಿ ಬಣ್ಣ ತಿರುಗಿ ನವೆಂಬರಿನ ಹೊತ್ತಿಗೆ ಬೋಳಾಗುತ್ತವೆ. ಆಗಲೂ ಮರಗಳ ಕೆಳಗೆ ಆಳೆತ್ತರದಿಂದ ಎರಡಾಳೆತ್ತರದವರೆಗೆ ಹಸಿರು ಗೋಡೆಯಂತೆ ನಿಂತಿದ್ದರೆ ಅದು ಬಹುಪಾಲು ಹನಿಸಕಲ್ಲೇ. ವಸಂತದಲ್ಲೂ ಹಾಗೆಯೇ. ಮಾರ್ಚ್ ಕೊನೆಗೆ ಬೇರೆ ಗಿಡಗಳ ಮೊಗ್ಗು ಇನ್ನೂ ಕಣ್ಣು ಬಿಡುವ ಮುನ್ನ ಇದು ಎಲೆ ಬಿಚ್ಚಿ ಕೂತಿರುತ್ತದೆ. ಕಾಡಿಗೆ ಅದು ಮಾಡುವ ಕೇಡಿನ ಗುಟ್ಟೂ ಇಲ್ಲೇ ಇದೆ. ಮರಗಳು ಎಲೆ ತುಂಬಿಕೊಳ್ಳುವ ಮೊದಲು ನೆಲಕ್ಕೆ ಬಿಸಿಲು ಬೀಳುವ ಕೆಲವೇ ವಾರಗಳಲ್ಲಿ ಟ್ರಿಲಿಯಂ, ಬ್ಲಡ್‌ರೂಟ್‌ನಂಥ ಇಲ್ಲಿನ ಪುಟ್ಟ ಕಾಡುಹೂಗಳು ಬದುಕು ಮುಗಿಸಿಕೊಳ್ಳಬೇಕು. ಆ ಬಿಸಿಲನ್ನು ಇದು ಮೇಲಿನಿಂದಲೇ ತಡೆದುಬಿಡುತ್ತದೆ.

ಆದರೆ ಹಸಿರು ಕಂಡ ಮಾತ್ರಕ್ಕೆ ಕೈ ಹಾಕಬೇಡ. ಏಪ್ರಿಲ್ ಆರಂಭದಲ್ಲಿ ಒಹಾಯೊದ ರಾಜ್ಯವೃಕ್ಷ ಬಕೈ ಕೂಡ ಬೇಗ ಚಿಗುರುತ್ತದೆ. ಅದರ ಎಲೆಯಲ್ಲಿ ಅಂಗೈಯ ಬೆರಳುಗಳ ಹಾಗೆ ಐದು ಕಿರುಎಲೆ. ಹನಿಸಕಲ್ಲಿನದು ಒಂಟಿ, ಸಾದಾ ಎಲೆ. ಒಮ್ಮೆ ನೋಡಿಕೊಂಡರೆ ಮತ್ತೆ ಗೊಂದಲವಾಗುವುದಿಲ್ಲ.

ಎರಡನೆಯದು ಎಲೆ ಕೂತಿರುವ ರೀತಿ. ರೆಂಬೆಯನ್ನು ಕೈಗೆ ತೆಗೆದುಕೊಂಡು ಗಿಣ್ಣು ನೋಡು. ಹನಿಸಕಲ್ಲಿನಲ್ಲಿ ಒಂದೊಂದು ಗಿಣ್ಣಿನಲ್ಲೂ ಎರಡು ಎಲೆ ಎದುರುಬದುರಾಗಿ ಇರುತ್ತವೆ. ಈ ಕಾಡಿನ ಹೆಚ್ಚಿನ ಮರಗಿಡಗಳಲ್ಲಿ ಎಲೆಗಳು ಒಂದು ಈ ಕಡೆ, ಮುಂದಿನದು ಆ ಕಡೆ. ಎದುರುಬದುರು ಎಲೆಯವು ಕೆಲವೇ: ಮೇಪಲ್, ಆ್ಯಶ್, ಡಾಗ್‌ವುಡ್, ಬಕೈ, ವೈಬರ್ನಮ್, ಮತ್ತೆ ಈ ಹನಿಸಕಲ್ ವಂಶ. ಹೀಗೆ ಒಂದೇ ನೋಟದಲ್ಲಿ ಕಾಡಿನ ಮುಕ್ಕಾಲು ಪಾಲು ಗಿಡ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಎಲೆ ಉದುರಿದ ಚಳಿಗಾಲದಲ್ಲೂ ಮೊಗ್ಗುಗಳು ಎದುರುಬದುರಾಗಿಯೇ ಇರುವುದರಿಂದ ಈ ಗುರುತು ವರ್ಷವಿಡೀ ನಡೆಯುತ್ತದೆ.

ಮೂರನೆಯದನ್ನು ಕೈಯಾರೆ ಮಾಡಿಯೇ ಕಲಿಯಬೇಕು. ಪೆನ್ಸಿಲ್ ದಪ್ಪದ ರೆಂಬೆಯೊಂದನ್ನು ಆರಿಸಿಕೋ. ಗಿಣ್ಣಿನ ಮೇಲೆ ಕತ್ತರಿಸಬೇಡ, ಅಲ್ಲಿ ಗಟ್ಟಿಯೇ ಇರುತ್ತದೆ. ಎರಡು ಗಿಣ್ಣುಗಳ ನಡುವೆ ಚಾಕುವಿನಿಂದ ಓರೆಯಾಗಿ ಕೊಯ್ದು ಬೆಳಕಿಗೆ ಹಿಡಿ. ನಡುವೆ ಸಣ್ಣ ತೂತು, ಅದರ ಅಂಚಿಗೆ ಕಂದು ತಿರುಳಿನ ಗೆರೆ ಕಾಣಬೇಕು. ಏಷ್ಯಾ, ಯೂರೋಪಿನಿಂದ ಬಂದ ಪೊದೆ ಹನಿಸಕಲ್ಲುಗಳಲ್ಲಿ ಹೀಗೆ ಟೊಳ್ಳು. ಅಮೆರಿಕದ್ದೇ ಆದ ಫ್ಲೈ ಹನಿಸಕಲ್ ಎಂಬ ಸಣ್ಣ ಪೊದೆ ಇದೆ. ತಂಪು ಪ್ರದೇಶದ ಕಾಡುಗಳದು. ಅದರ ರೆಂಬೆ ಕೊಯ್ದರೆ ಬಿಳಿ ತಿರುಳು ತುಂಬಿರುತ್ತದೆ. ತೀರ ಎಳೆಯ ಚಿಗುರಿನಲ್ಲಿ ಈ ಪರೀಕ್ಷೆ ಮಾಡಬೇಡ. ಬಲಿತ ರೆಂಬೆಯನ್ನೇ ನೋಡು. ಒಂದು ರೆಂಬೆಯಲ್ಲಿ ಸರಿಯಾಗಿ ಕಾಣದಿದ್ದರೆ ಅದೇ ಗಿಡದ ಇನ್ನೊಂದು ಕೊಯ್ದು ನೋಡು.

ನಾಲ್ಕನೆಯದು ಎಲೆ ಮತ್ತು ಹೂವಿನ ತೊಟ್ಟು. ಹೊರಗಿನಿಂದ ಬಂದ ಪೊದೆ ಹನಿಸಕಲ್ ಒಂದೇ ಅಲ್ಲ, ಹಲವು ಇವೆ. ಅಮೂರ್ ಎಲೆಯ ತುದಿ ಉದ್ದಕ್ಕೆ ಎಳೆದ ಹಾಗೆ ಚೂಪಾಗಿರುತ್ತದೆ. ಹೂವು ಜೋಡಿಜೋಡಿಯಾಗಿ ಎಲೆಯ ಕಂಕುಳಲ್ಲಿ ಬಿಡುತ್ತದೆ. ಮೇ ತಿಂಗಳಲ್ಲಿ ಬಿಳಿಯಾಗಿ ಅರಳಿ ಹಳತಾದಂತೆ ಹಳದಿಗೆ ತಿರುಗುತ್ತದೆ. ಹಾಗಾಗಿ ಒಂದೇ ರೆಂಬೆಯಲ್ಲಿ ಎರಡೂ ಬಣ್ಣ ಕಾಣುತ್ತವೆ. ಇದರ ಹೂವಿನ ತೊಟ್ಟು ತೀರ ಗಿಡ್ಡ, ಎಲೆಯ ತೊಟ್ಟಿಗಿಂತಲೂ ಗಿಡ್ಡ. ಆದ್ದರಿಂದ ಸೆಪ್ಟೆಂಬರ್ ಕಳೆದು ಹಣ್ಣಾದಾಗ ಕೆಂಪು ಗುಂಡುಗಳು ರೆಂಬೆಗೇ ಅಂಟಿಕೊಂಡು ಕೂತಂತೆ ಕಾಣುತ್ತವೆ. ಎರಡು ಎಲೆಯ ಕಂಕುಳಲ್ಲೂ ಜೋಡಿ ಇದ್ದರೆ ಒಂದು ಗಿಣ್ಣಿಗೆ ನಾಲ್ಕು.

ಅದರ ದಾಯಾದಿಗಳಲ್ಲಿ ಹೂವಿನ ತೊಟ್ಟು ಉದ್ದ, ಎಲೆಯ ತುದಿ ಅಷ್ಟು ಚೂಪಲ್ಲ. ಮೊರೋ ಹನಿಸಕಲ್ಲಿನ ಎಲೆಯ ಅಡಿಭಾಗ ಸವರಿದರೆ ಬೂದು ರೋಮ ಬೆರಳಿಗೆ ಮೆತ್ತಗೆ ಸಿಗುತ್ತದೆ. ಟಾಟರಿ ಹನಿಸಕಲ್ಲಿನ ಎಲೆ ನುಣುಪು, ಹೂವು ಸಾಮಾನ್ಯವಾಗಿ ಗುಲಾಬಿ. ಇವೆರಡೂ ಕೂಡಿ ಹುಟ್ಟಿದ ಮಿಶ್ರತಳಿಗೆ ಬೆಲ್ ಹನಿಸಕಲ್ ಅನ್ನುತ್ತಾರೆ. ಅಪ್ಪನ ಮುಖ ಸ್ವಲ್ಪ, ಅಮ್ಮನ ಮುಖ ಸ್ವಲ್ಪ. ಯಾವುದು ಯಾವುದೆಂದು ತಜ್ಞರೂ ತಡವರಿಸುತ್ತಾರೆ. ಅಲ್ಲಿ ನೀನು ತಲೆ ಕೆಡಿಸಿಕೊಳ್ಳಬೇಡ. ಹೊರಗಿನದೋ ಇಲ್ಲಿನದೋ ಎಂಬುದು ತೀರ್ಮಾನವಾದರೆ ನಿನ್ನ ಕೆಲಸಕ್ಕೆ ಸಾಕು.

ಹಳೆಯ ಗಿಡವಾದರೆ ತೊಗಟೆಯೂ ಸಾಕ್ಷಿ ಹೇಳುತ್ತದೆ. ಬುಡದಿಂದ ಹಲವು ಕಾಂಡ ಎದ್ದಿರುತ್ತವೆ. ತೆಳು ಕಂದು ಬೂದು ತೊಗಟೆ ಉದ್ದುದ್ದ ಪಟ್ಟಿಯಾಗಿ ಬಿರಿದಿರುತ್ತದೆ. ಎಲೆ, ಹೂ, ಹಣ್ಣು ಒಂದೂ ಇಲ್ಲದ ಜನವರಿಯಲ್ಲಿ ಎದುರುಬದುರು ಮೊಗ್ಗು, ಟೊಳ್ಳು ರೆಂಬೆ, ಈ ಪಟ್ಟಿ ತೊಗಟೆ ಮೂರೂ ಸೇರಿದರೆ ಬೇರೇನೂ ಬೇಡ.

ಈಗ ಮೋಸ ಮಾಡುವ ಗಿಡಗಳ ಕಡೆ ಬಾ. ಬೇಸಿಗೆಯಲ್ಲಿ ಡಾಗ್‌ವುಡ್ ಎಲೆ ಬರಿಗಣ್ಣಿಗೆ ಹನಿಸಕಲ್ಲಿನಂತೆಯೇ ಕಾಣುತ್ತದೆ, ಎದುರುಬದುರು ಕೂಡ ಹೌದು. ಆದರೆ ಅದರ ಎಲೆಯ ನರಗಳು ಅಂಚಿನ ಹತ್ತಿರ ಬಂದು ತುದಿಯ ಕಡೆಗೆ ಬಾಗಿ ಹೋಗುತ್ತವೆ. ಒಂದೆಲೆ ಕಿತ್ತು ಅಡ್ಡಕ್ಕೆ ಮೆಲ್ಲಗೆ ಹರಿದು ಎರಡು ಚೂರನ್ನು ನಿಧಾನವಾಗಿ ದೂರ ಎಳೆ. ನರಗಳಿಂದ ಬಿಳಿ ನವಿರು ಎಳೆಗಳು ಹೊರಟು ಕೆಳಗಿನ ಚೂರು ಅದರಲ್ಲೇ ಜೋತಾಡುತ್ತಿದ್ದರೆ ಅದು ಡಾಗ್‌ವುಡ್. ಕೈ ಮುಗಿದು ಮುಂದೆ ಹೋಗು.

ಸ್ಪೈಸ್‌ಬುಷ್ ಇನ್ನೊಂದು. ಅದೂ ನೆರಳಿನ ಪೊದೆ, ಅದಕ್ಕೂ ಕೆಂಪು ಹಣ್ಣು. ಶರತ್ಕಾಲದಲ್ಲಿ ಅವಸರದ ಕೈಗೆ ಇದೇ ಬಲಿಯಾಗುವುದು. ಎಲೆ ಎದುರುಬದುರಲ್ಲ ಎಂಬುದೇ ಅದನ್ನು ಉಳಿಸಬೇಕು. ಅದೂ ಸಾಲದಿದ್ದರೆ ಎಲೆ ಹಿಸುಕಿ ಮೂಸಿ ನೋಡು; ಮಸಾಲೆಯ ಘಮ ಮೂಗಿಗೆ ಬರುತ್ತದೆ. ಹನಿಸಕಲ್ಲಿನ ಎಲೆಗೆ ಅಂಥ ವಾಸನೆಯಿಲ್ಲ. ಕೋರಲ್‌ಬೆರಿ ಸೊಂಟದೆತ್ತರದ ಸಣ್ಣ ಪೊದೆ, ಹನಿಸಕಲ್ಲಿನ ಕುಟುಂಬದ್ದೇ. ಹಣ್ಣು ಕೆಂಪಲ್ಲ, ಗುಲಾಬಿ ನೇರಳೆ, ಗೊಂಚಲು ಗೊಂಚಲು. ವೈಬರ್ನಮ್ ಎಲೆಗೆ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಹನಿಸಕಲ್ಲಿನ ಅಂಚು ನಯ. ಮರಕ್ಕೆ ಹಬ್ಬುವ ಕೆಂಪು ಕೊಳವೆ ಹೂವಿನ ಕೋರಲ್ ಹನಿಸಕಲ್ ಬಳ್ಳಿ ಅಮೆರಿಕದ್ದೇ; ತುದಿಯ ಎಲೆಗಳು ಕೂಡಿಕೊಂಡು ಕಾಂಡವನ್ನು ತಟ್ಟೆಯ ಹಾಗೆ ಸುತ್ತಿರುತ್ತವೆ. ಅದನ್ನು ಮುಟ್ಟಬೇಡ, ಹಮ್ಮಿಂಗ್‌ಬರ್ಡ್‌ಗೆ ಅದು ಬೇಕು.

ಮೊಬೈಲ್ ಆ್ಯಪ್ ಇದೆಯಲ್ಲ ದೊಡ್ಡಪ್ಪಾ, ಫೋಟೊ ಹಿಡಿದರೆ ಹೆಸರು ಬರುತ್ತದೆ ಅಂತೀಯ. ಬಳಸು, ಬೇಡ ಅನ್ನುವುದಿಲ್ಲ. ಆದರೆ ದೂರದಿಂದ ತೆಗೆದ ಹಸಿರು ಪೊದೆಯ ಒಂದು ಚಿತ್ರ ಕೊಟ್ಟರೆ ಅದೂ ಊಹೆಯನ್ನೇ ಹೇಳುತ್ತದೆ. ಗಿಣ್ಣಿನಲ್ಲಿ ಎಲೆ ಕೂತಿರುವುದು, ಎಲೆಯ ತುದಿ, ಎಲೆಯ ಅಡಿಭಾಗ, ಹೂ ಅಥವಾ ಹಣ್ಣಿನ ತೊಟ್ಟು, ಕೊಯ್ದ ರೆಂಬೆಯ ಒಳಗು, ಇವಿಷ್ಟನ್ನು ಹತ್ತಿರದಿಂದ ತೆಗೆ. ಇಷ್ಟು ಚಿತ್ರ ತೆಗೆಯುವಷ್ಟರಲ್ಲಿ ಉತ್ತರ ನಿನಗೇ ಗೊತ್ತಾಗಿರುತ್ತದೆ. ಆ್ಯಪು ಹೌದೆನ್ನುವುದಕ್ಕೆ ಮಾತ್ರ.

ನೀನು ಮೆಸೇಜಿನಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಹೇಳಬೇಕು. ಹೊರಗಿನಿಂದ ಬಂದದ್ದೆಂದು ಗಿಡ ಕಡಿಯುವುದು ನ್ಯಾಯವೇ, ನಾವೂ ಹೊರಗಿನಿಂದ ಬಂದವರೇ ಅಲ್ಲವೇ ಅಂದೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಒಹಾಯೊದ ಸೇಬು ಹೊರಗಿನದು, ಗೋಧಿ ಹೊರಗಿನದು, ಜೇನುಪೆಟ್ಟಿಗೆಯ ಹುಳುವೂ ಯೂರೋಪಿನಿಂದ ಬಂದದ್ದು. ಅವುಗಳ ಮೇಲೆ ಯಾರೂ ಗರಗಸ ಎತ್ತಿಲ್ಲ. ಇದೇ ಅಮೂರ್ ಹನಿಸಕಲ್ ಜಪಾನಿನಲ್ಲಿ ಅಳಿವಿನ ಅಂಚಿನ ಗಿಡಗಳ ಪಟ್ಟಿಯಲ್ಲಿದೆ. ಅಲ್ಲಿ ಅದನ್ನು ಉಳಿಸಲು ಜನ ಒದ್ದಾಡುತ್ತಾರೆ. ಹುಟ್ಟಿದ ಊರು ತಪ್ಪಲ್ಲ ಮಗಳೇ. ಗಿಡವನ್ನು ಅದು ಇರುವ ಜಾಗದಲ್ಲಿ ಏನು ಮಾಡುತ್ತಿದೆ ಎಂಬುದರ ಮೇಲೆ ಅಳೆಯಬೇಕು. ಅದಕ್ಕೂ ಬೈಯಬೇಡ, ತಂದು ನೆಟ್ಟವರು ನಾವು ಮನುಷ್ಯರು, ಅದು ಬೆಳೆಯಿತು ಅಷ್ಟೆ.

ಏನು ಮಾಡುತ್ತಿದೆ ಅಂದರೆ ಕೇಳು. ರಾಬಿನ್, ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿನುದ್ದಕ್ಕೂ ಹಾಕುತ್ತವೆ. ಹಣ್ಣಿನಲ್ಲಿ ಸಕ್ಕರೆಯಿದೆ, ಕೊಬ್ಬು ಕಡಿಮೆ. ದಕ್ಷಿಣಕ್ಕೆ ಸಾವಿರಾರು ಕಿಲೋಮೀಟರ್ ಹಾರಬೇಕಾದ ವಲಸೆ ಹಕ್ಕಿಗೆ ಬೇಕಾದದ್ದು ಡಾಗ್‌ವುಡ್, ಸ್ಪೈಸ್‌ಬುಷ್ ಹಣ್ಣಿನ ಕೊಬ್ಬು. ಇನ್ನೊಂದು ವಿಚಿತ್ರ ಕೇಳು: ಸೀಡರ್ ವ್ಯಾಕ್ಸ್‌ವಿಂಗ್‌ನ ಬಾಲದ ತುದಿ ಹಳದಿ. 1960ರ ದಶಕದಿಂದೀಚೆಗೆ ಕೆಲವು ಹಕ್ಕಿಗಳಲ್ಲಿ ಅದು ಕಿತ್ತಳೆಯಾಗಿ ಕಾಣತೊಡಗಿತು. ಹುಡುಕಿದರೆ ಕಾರಣ ಮೊರೋ ಹನಿಸಕಲ್ಲಿನ ಹಣ್ಣಿನ ಕೆಂಪು ಬಣ್ಣ. ಗರಿ ಬೆಳೆಯುವ ಕಾಲದಲ್ಲಿ ತಿಂದದ್ದು ಬಾಲಕ್ಕೆ ಇಳಿದಿತ್ತು. ಒಂದು ಪೊದೆಯ ಕೈ ಎಲ್ಲಿಯವರೆಗೆ ಚಾಚಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಕ್ಕಿಯ ಬಾಲ ನಮಗೇನು ಅನ್ನುವವರಿಗೆ ಉಣುಗಿನ ಕಥೆ ಹೇಳು. ಸೇಂಟ್ ಲೂಯಿಸ್ ಸುತ್ತಲಿನ ಕಾಡುಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೂರ್ ಹನಿಸಕಲ್ ಒತ್ತಾಗಿರುವಲ್ಲಿ ಜಿಂಕೆಗಳ ಓಡಾಟ ಹೆಚ್ಚು, ಜಿಂಕೆಯ ಜೊತೆ ಬರುವ ರೋಗಕಾರಕ ಉಣುಗುಗಳೂ ಹೆಚ್ಚು ಎಂದು ಕಂಡುಬಂತು. ಪೊದೆ ತೆಗೆದ ಕಡೆ ಎರಡೂ ಕಡಿಮೆಯಾದವು. ಮಲೆನಾಡಿನ ಹುಡುಗಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂದರೆ ನಮ್ಮ ಕಡೆಯವರ ಎದೆ ನಡುಗಿಸುತ್ತದೆ. ಅದನ್ನು ಹರಡುವುದೂ ಉಣುಗೇ. ರೋಗ ಬೇರೆ, ಎಚ್ಚರ ಒಂದೇ. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸು. ರೂಮಿಗೆ ಬಂದ ಕೂಡಲೇ ಸ್ನಾನ ಮಾಡಿ ಮಂಡಿಯ ಹಿಂದೆ, ಕಂಕುಳು, ಕೂದಲ ಬುಡ ಎಲ್ಲ ನೋಡಿಕೋ. ಬಟ್ಟೆಯನ್ನು ಡ್ರೈಯರಿನ ಬಿಸಿಗೆ ಹಾಕು. ಮೂರೆಲೆಯ ಪಾಯ್ಸನ್ ಐವಿ ಬಳ್ಳಿಯನ್ನೂ ಮೊದಲೇ ಯಾರನ್ನಾದರೂ ಕೇಳಿ ಗುರುತು ಮಾಡಿಕೋ. ತಾಗಿದರೆ ಬೊಕ್ಕೆ ಎದ್ದು ವಾರಗಟ್ಟಲೆ ತುರಿಸುತ್ತದೆ. ಹನಿಸಕಲ್ಲಿನ ಕೆಂಪು ಹಣ್ಣನ್ನು ಬಾಯಿಗೆ ಹಾಕಬೇಡ, ಜೊತೆಗೆ ಮಕ್ಕಳಿದ್ದರೆ ಅವರಿಗೂ ಹೇಳು.

ಇನ್ನು ತೆಗೆಯುವ ಕ್ರಮ. ಮಳೆ ಬಿದ್ದು ನೆಲ ಮೆತ್ತಗಾದಾಗ ಸಣ್ಣ ಗಿಡ ಬೇರುಸಹಿತ ಕೈಗೇ ಬರುತ್ತದೆ, ಬೇರು ಆಳವಿಲ್ಲ. ಕಿತ್ತದ್ದನ್ನು ನೆಲದ ಮೇಲೆ ಬಿಸಾಡದೆ ಬೇರು ಮಣ್ಣಿಗೆ ತಾಗದ ಹಾಗೆ ಕೊಂಬೆಗೆ ಸಿಕ್ಕಿಸು. ಇಲ್ಲದಿದ್ದರೆ ಮತ್ತೆ ಊರಿಕೊಳ್ಳುತ್ತದೆ. ದೊಡ್ಡದನ್ನು ಕಡಿದು ಸುಮ್ಮನೆ ಬಿಟ್ಟರೆ ಮೋಟಿನಿಂದ ಹಿಂಡು ಹಿಂಡಾಗಿ ಚಿಗುರು ಬರುತ್ತದೆ, ಒಂದಿದ್ದದ್ದು ಹತ್ತಾದಂತೆ. ಅದಕ್ಕೇ ಕಡಿದ ಕೆಲವೇ ನಿಮಿಷಗಳಲ್ಲಿ ಮೋಟಿನ ಅಂಚಿಗೆ ಕಳೆನಾಶಕ ಬಳಿಯುತ್ತಾರೆ. ಆ ಕೆಲಸ ತರಬೇತಿ ಇದ್ದವರದು, ನೀನು ಬಾಟಲಿ ಮುಟ್ಟಬೇಡ. ಪಾರ್ಕಿನವರ ಅನುಮತಿಯಿಲ್ಲದೆ ಸ್ನೇಹಿತರ ಜೊತೆ ಹೋಗಿ ಕಡಿಯುವ ಉತ್ಸಾಹವೂ ಬೇಡ. ಸಾರ್ವಜನಿಕ ಕಾಡಿನಲ್ಲಿ ಒಳ್ಳೆಯ ಉದ್ದೇಶದಿಂದ ಕಡಿದರೂ ತಪ್ಪು ತಪ್ಪೇ.

ಕಡಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡರೆ ಎರಡು ವರ್ಷದಲ್ಲಿ ನಿರಾಸೆಯಾಗುತ್ತದೆ. ಖಾಲಿಯಾದ ಜಾಗಕ್ಕೆ ಮಣ್ಣಿನಲ್ಲಿದ್ದ ಬೀಜ ಮೊಳೆತು ಹನಿಸಕಲ್ ಸಸಿಯೇ ಬರುತ್ತದೆ, ಇಲ್ಲವೇ ಗಾರ್ಲಿಕ್ ಮಸ್ಟರ್ಡ್ ಎಂಬ ಇನ್ನೊಂದು ಹೊರಗಿನ ಕಳೆ ನುಗ್ಗುತ್ತದೆ. ತೆಗೆದಲ್ಲಿಗೇ ಪ್ರತಿ ವರ್ಷ ಹೋಗಿ ಸಸಿ ಕೀಳಬೇಕು. ಸ್ಪೈಸ್‌ಬುಷ್, ವೈಬರ್ನಮ್ ನೆಡುವ ದಿನವೂ ಹಾಜರಿರಬೇಕು. ಕಡಿಯುವ ದಿನ ನೂರು ಜನ ಬರುತ್ತಾರೆ, ಫೋಟೊ ಆಗುತ್ತದೆ. ನೆಡುವ ದಿನ, ಕಳೆ ಕೀಳುವ ದಿನ ಬೆರಳೆಣಿಕೆಯವರು. ನೀನು ಆ ಬೆರಳೆಣಿಕೆಯವರಲ್ಲಿ ಇರು.

ಕೊನೆಯದಾಗಿ ಒಂದು ರೂಢಿ ಹೇಳುತ್ತೇನೆ. ಜೇಬಿನಲ್ಲಿ ಬಣ್ಣದ ಟೇಪಿನ ಸುರುಳಿ ಇಟ್ಟುಕೋ. ಮೂರು ಲಕ್ಷಣ ಕೂಡದ ಗಿಡಕ್ಕೆ ಟೇಪು ಕಟ್ಟಿ ಮುಂದೆ ಸಾಗು, ಹಳಬರು ಬಂದಾಗ ಕೇಳು. ಅವರೂ ತಲೆ ಕೆರೆದುಕೊಂಡರೆ ಹಾಗೇ ಬಿಡಲಿ. ಮೇ ತಿಂಗಳಲ್ಲಿ ಅದೇ ಹೂ ಬಿಟ್ಟು ತನ್ನ ಹೆಸರು ಹೇಳುತ್ತದೆ. ಒಂದು ಹನಿಸಕಲ್ ಇನ್ನಾರು ತಿಂಗಳು ಹೆಚ್ಚು ಬದುಕಿದರೆ ಕಾಡಿಗೆ ಆಗುವ ನಷ್ಟ ಅಲ್ಪ. ಅವಸರದಲ್ಲಿ ಒಂದು ಡಾಗ್‌ವುಡ್ ಹೋದರೆ ಆ ಜಾಗಕ್ಕೆ ಮತ್ತೆ ಬರುವುದು ಹನಿಸಕಲ್ಲೇ.

ನಿನ್ನ
ದೊಡ್ಡಪ್ಪ